ಉಪಕಾರ ಸ್ಮರಣೆ ಎಂದರೆ ಅಡಿಯಾಳಾಗುವುದಲ್ಲ

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕ್ರೈಸ್ತ ಬಾಂಧವರು ಸುಗ್ಗಿಯ ಕೃತಜ್ಞತೆಗಾಗಿ ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಬೆಳೆದ ಬೆಳೆಯಲ್ಲಿ ಒಂದು ಪಾಲನ್ನು ತಂದು ದೇವರ ಮುಂದಿಟ್ಟು ಉಪಕಾರ ಸ್ಮರಿಸುವುದು ನಿಮ್ಮ ಸಭೆಗಳಲ್ಲಿ ನಡೆದುಬಂದ ವಾಡಿಕೆ. ಇಲ್ಲಿ ಕಬ್ಬಿನ ಜಲ್ಲೆ ಇದೆ, ಬತ್ತದ ತೆನೆ ಇದೆ, ರಾಗಿ ಇದೆ, ತೆಂಗಿನಕಾಯಿ ಇದೆ, ಯಾರೋ ತಾಯಿ ತಂದಿಟ್ಟ ನಾಟಿಕೋಳಿಯೂ ಇದೆ. ನೀವು ನಮಗೆ ಕೊಟ್ಟಿರುವ ವಿಷಯ ಇದಕ್ಕೆ ತಕ್ಕದ್ದೇ. ನಮಗೆ ನೆರವಾದವರಿಗೆ ನಾವು ಕೃತಜ್ಞತೆ ತೋರಿಸುವುದು ಹೇಗೆ? ಈ ಬಗ್ಗೆ ಕ್ರಿಸ್ತನ ಬೋಧೆ ಏನು ಹೇಳುತ್ತದೆ?

ವಿಷಯ ಸುಲಭವೆಂದು ತೋರುತ್ತದೆ. ಉಪಕಾರ ಮರೆಯಬಾರದು ಎಂದು ಯಾರು ತಾನೆ ಹೇಳುವುದಿಲ್ಲ? ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮ ಹಿರಿಯರು ಹೇಳಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವನನ್ನು ಅವರು ಆಡಿಕೊಂಡು ನಕ್ಕರು. ನಾವು ಮೇಷ್ಟರಾಗಿದ್ದಾಗ ಮಕ್ಕಳಿಗೆ ಈ ಗಾದೆಗಳನ್ನು ಬಾಯಿಪಾಠ ಮಾಡಿಸಿದವರೇ. ಆದರೆ ಶಾಲೆ ಬಿಟ್ಟು ಹಳ್ಳಿಹಳ್ಳಿ ತಿರುಗತೊಡಗಿದ ಮೇಲೆ ಕಂಡದ್ದೇನೆಂದರೆ, ಇದೇ ಗಾದೆ ಒಬ್ಬನ ಬಾಯಲ್ಲಿ ಧರ್ಮವಾಗಿರುತ್ತದೆ, ಇನ್ನೊಬ್ಬನ ಕೈಯಲ್ಲಿ ಹಗ್ಗವಾಗಿರುತ್ತದೆ.

ಹಗ್ಗ ಎಂದೆವು. ಮದುವೆಗೆಂದು ನಾಲ್ಕು ಕಾಸು ಕೊಟ್ಟ ಒಡೆಯ, ಆ ಕಾಸಿಗಾಗಿ ತಂದೆಯನ್ನು ದುಡಿಸಿದ, ತಂದೆಯ ನಂತರ ಮಗನನ್ನೂ ದುಡಿಸಿದ. ಮಗ ತಲೆಯೆತ್ತಿ ಕೂಲಿ ಕೇಳಿದ ದಿನ ಒಡೆಯನ ಬಾಯಿಂದ ಬಂದದ್ದು ಲೆಕ್ಕದ ಮಾತಲ್ಲ, ಉಪಕಾರದ ಮಾತು. 'ನಿಮ್ಮಪ್ಪನ ಮದುವೆ ಮಾಡಿಸಿದವರು ಯಾರೋ? ನಮ್ಮ ಮನೆ ಉಪ್ಪು ತಿಂದು ನಮಗೇ ಎದುರು ನಿಲ್ಲುತ್ತೀಯಾ?' ಜೀತ ಎಂಬ ಪದ್ಧತಿ ಬರೀ ಸಾಲದ ಪತ್ರದಿಂದ ನಿಂತದ್ದಲ್ಲ; ಉಪಕಾರ ಮರೆತವನೆಂದು ಊರು ಬಯ್ಯುತ್ತದೆಂಬ ಅಂಜಿಕೆಯಿಂದಲೂ ನಿಂತದ್ದು. 1976ರಲ್ಲಿ ದೇಶದ ಕಾನೂನು ಜೀತವನ್ನು ರದ್ದು ಮಾಡಿತು. ಅಂಜಿಕೆಯನ್ನು ಕಾನೂನು ರದ್ದು ಮಾಡಲಾರದು. ಇಂದಿಗೂ ಚುನಾವಣೆ ಬಂದಾಗ ಸೀರೆ ಹಂಚಿದವನು, ನೋಟು ಹಂಚಿದವನು, ಬೋರುವೆಲ್ ಹಾಕಿಸಿದೆನೆಂದು ಬೋರ್ಡು ನೆಟ್ಟವನು ಕೇಳುವುದು ಇದನ್ನೇ: 'ನಮ್ಮ ಋಣ ನೆನಪಿರಲಿ.' ಸರ್ಕಾರದ ಹಣದಲ್ಲಿ, ಅಂದರೆ ನಮ್ಮದೇ ಹಣದಲ್ಲಿ, ಮಾಡಿದ ಕೆಲಸಕ್ಕೂ ನಾವೇ ಋಣಿಗಳಾಗಬೇಕಂತೆ!

ಆದ್ದರಿಂದ ಕೃತಜ್ಞತೆಯ ಮಾತೆತ್ತಿದಾಗ ಬಡವನಿಗೆ ಒಂದು ಸಂಶಯ ಬರುತ್ತದೆ. ಆ ಸಂಶಯ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ಈ ಭಾಷಣ ಬರೀ ಬಾಯುಪಚಾರವಾದೀತು.

ಹತ್ತು ಮಂದಿಯಲ್ಲಿ ಒಬ್ಬ

ಲೂಕನು ಬರೆದ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ನಿಮಗೆ ನಮಗಿಂತ ಚೆನ್ನಾಗಿ ತಿಳಿದ ಕಥೆ. ಯೇಸುಸ್ವಾಮಿ ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ, ಸಮಾರ್ಯಕ್ಕೂ ಗಲಿಲಾಯಕ್ಕೂ ನಡುವೆ, ಒಂದು ಹಳ್ಳಿಯ ಹೊರಗೆ ಹತ್ತು ಮಂದಿ ಕುಷ್ಠರೋಗಿಗಳು ಎದುರಾಗುತ್ತಾರೆ. ಹತ್ತಿರ ಬರುವ ಹಾಗಿಲ್ಲ, ದೂರದಿಂದಲೇ ಕೂಗುತ್ತಾರೆ. ಹೋಗಿ ಪುರೋಹಿತರಿಗೆ ಮೈ ತೋರಿಸಿ ಎಂದು ಆತ ಹೇಳುತ್ತಾನೆ. ಹೋಗುತ್ತಿದ್ದ ಹಾಗೆಯೇ ಎಲ್ಲರಿಗೂ ಗುಣವಾಗುತ್ತದೆ. ಒಂಬತ್ತು ಮಂದಿ ತಮ್ಮ ದಾರಿ ಹಿಡಿದು ಹೋಗುತ್ತಾರೆ. ಒಬ್ಬ ಮಾತ್ರ ಹಿಂದಿರುಗಿ ಬಂದು ಕಾಲಿಗೆ ಬಿದ್ದು ಉಪಕಾರ ಸ್ಮರಿಸುತ್ತಾನೆ. ಅವನು ಸಮಾರ್ಯದವನು, ಆ ನಾಡಿನವರು ಮುಟ್ಟಿಸಿಕೊಳ್ಳದೆ ದೂರವಿಟ್ಟಿದ್ದ ಜನದವನು.

ಈ ಕಥೆಯನ್ನು ಸಾಮಾನ್ಯವಾಗಿ ಆ ಒಂಬತ್ತು ಮಂದಿಯನ್ನು ಬಯ್ಯುವುದಕ್ಕೆ ಉಪಯೋಗಿಸುತ್ತಾರೆ. ನಾವು ಇದರಲ್ಲಿ ಬೇರೆ ಮೂರು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು: ಕಾಯಿಲೆ ಇದ್ದಷ್ಟು ದಿನ ಆ ಹತ್ತೂ ಮಂದಿ ಒಟ್ಟಿಗೆ ಇದ್ದರು. ಯೆಹೂದ್ಯ, ಸಮಾರ್ಯ ಎಂಬ ಭೇದ ಅವರೊಳಗೆ ಇರಲಿಲ್ಲ. ಕಷ್ಟ ಅವರನ್ನು ಒಂದೇ ಜಾತಿ ಮಾಡಿತ್ತು. ಗುಣವಾದ ಗಳಿಗೆಯಿಂದ ಗುಂಪು ಒಡೆಯಿತು. ಇದು ನಮ್ಮ ಕಡೆಯೂ ಕಾಣುವ ನೋಟವೇ. ನಾಲೆಯಲ್ಲಿ ನೀರಿಲ್ಲದಾಗ ರಸ್ತೆ ತಡೆಯಲು ಎಲ್ಲ ಕೇರಿಯವರೂ ಒಂದಾಗುತ್ತಾರೆ. ನೀರು ಬಂದ ಮರುದಿನ ಅವರವರ ಕೇರಿ ಅವರವರಿಗೆ. ಕಷ್ಟದಲ್ಲಿ ಜೊತೆ ನಿಂತವನನ್ನು ಸುಖದಲ್ಲಿ ಗುರುತಿಸುವುದೇ ಕೃತಜ್ಞತೆಯ ಮೊದಲ ಪಾಠ.

ಎರಡನೆಯದು: ಹಿಂದಿರುಗಿ ಬಂದವನು ತಾನಾಗಿ ಬಂದ. ಅವನನ್ನು ಯಾರೂ ಕರೆಕಳುಹಿಸಲಿಲ್ಲ. ಬಾರದವರು ಎಲ್ಲಿ ಎಂದು ಸ್ವಾಮಿ ಕೇಳಿದ್ದುಂಟು. ಆದರೆ ಅವರ ಹಿಂದೆ ಆಳು ಅಟ್ಟಲಿಲ್ಲ, ಕೊಟ್ಟ ಆರೋಗ್ಯವನ್ನು ಕಿತ್ತುಕೊಳ್ಳಲಿಲ್ಲ. ಮರೆತವರ ಮೈಯೂ ಗುಣವಾಗಿಯೇ ಉಳಿಯಿತು. ಉಪಕಾರ ಮರೆತೆ ಎಂದು ಕೊಟ್ಟದ್ದನ್ನು ಹಿಂದಕ್ಕೆ ಕೇಳುವವನು ಉಪಕಾರ ಮಾಡಿದವನಲ್ಲ, ಬಡ್ಡಿಗೆ ಬಿಟ್ಟವನು.

ಮೂರನೆಯದು ಬಹಳ ಮುಖ್ಯ. ಕಾಲಿಗೆ ಬಿದ್ದವನಿಗೆ ಸ್ವಾಮಿ ಏನು ಹೇಳಿದ? ಇಲ್ಲೇ ಬಿದ್ದಿರು ಎನ್ನಲಿಲ್ಲ, ಇಂದಿನಿಂದ ನೀನು ನನ್ನ ಆಳು ಎನ್ನಲಿಲ್ಲ, ನಿನ್ನ ಜನವನ್ನು ಬಿಟ್ಟು ಬಾ ಎಂದೂ ಕೇಳಲಿಲ್ಲ. ಎದ್ದು ಹೋಗು ಎಂದ. ಕೃತಜ್ಞತೆ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಬೇಕು. ಬಗ್ಗಿದವನನ್ನು ಬಗ್ಗಿಯೇ ಇರಿಸುವುದಕ್ಕೆ ಬೇರೆ ಹೆಸರುಂಟು.

ಕೊಡುವವನಿಗೂ ಕಟ್ಟಳೆ ಉಂಟು

ಪಡೆದವನು ಮರೆಯಬಾರದೆಂದು ಹೇಳುವ ಗ್ರಂಥವೇ ಕೊಟ್ಟವನಿಗೂ ಕಟ್ಟಳೆ ಹಾಕಿದೆ. ದಾನ ಕೊಡುವಾಗ ತುತ್ತೂರಿ ಊದಿಸಬೇಡ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯುವುದೂ ಬೇಡ ಎಂಬ ಅರ್ಥದ ಬೋಧೆ ಮತ್ತಾಯನ ಸುವಾರ್ತೆಯಲ್ಲಿದೆ. ಔತಣ ಮಾಡಿದರೆ ಮರಳಿ ಔತಣಕ್ಕೆ ಕರೆಯಬಲ್ಲ ಸಿರಿವಂತರನ್ನು ಕರೆಯಬೇಡ, ಮುಯ್ಯಿ ತೀರಿಸಲಾರದ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಎಂಬ ಬೋಧೆ ಲೂಕನಲ್ಲಿದೆ. ಈ ಎರಡೂ ಕಟ್ಟಳೆಗಳನ್ನು ನಮ್ಮ ಊರಿನ ಫ್ಲೆಕ್ಸ್ ಬೋರ್ಡುಗಳ ಪಕ್ಕದಲ್ಲಿಟ್ಟು ನೋಡಿ. ಒಂದು ಗಡಿಯಾರ ಶಾಲೆಗೆ ಕೊಟ್ಟರೆ ಗಡಿಯಾರದ ಮುಖಕ್ಕಿಂತ ದೊಡ್ಡದಾಗಿ ಕೊಟ್ಟವರ ಮುಖವಿರುತ್ತದೆ!

ಇಲ್ಲಿ ನಿಮ್ಮಲ್ಲಿ ಒಂದು ಮಾತನ್ನು ನೇರವಾಗಿ ಹೇಳಲು ಅಪ್ಪಣೆ ಬೇಡುತ್ತೇವೆ. ಮಿಷನ್ನಿನವರು ಮಾಡಿದ ಉಪಕಾರವನ್ನು ಈ ನಾಡು ಮರೆಯಲಾರದು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ತೆರೆದರು. ಅದನ್ನು ಹೋಲ್ಡ್ಸ್‌ವರ್ತ್ ಆಸ್ಪತ್ರೆ ಎನ್ನುವುದಕ್ಕಿಂತ ಮಿಷನ್ ಆಸ್ಪತ್ರೆ ಎಂದರೇ ಜನಕ್ಕೆ ತಿಳಿಯುವುದು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರ ಜುಲೈ 1ರಂದು ಹೊರತಂದವನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಇಂದು ಕರ್ನಾಟಕದ ಪತ್ರಕರ್ತರು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ನಮ್ಮಂಥ ಜಿಲ್ಲಾ ವಾರಪತ್ರಿಕೆಯೂ ಆ ಋಣದಲ್ಲಿ ಪಾಲುದಾರ. ಆದರೆ ಎಲ್ಲಿಯಾದರೂ, ಯಾವ ಮತದವರೇ ಆಗಲಿ, ಔಷಧಿಗೆ ಬದಲಾಗಿ ಭಕ್ತಿಯನ್ನು, ಅಕ್ಷರಕ್ಕೆ ಬದಲಾಗಿ ನಿಷ್ಠೆಯನ್ನು ಕೇಳಿದರೆ, ಆ ಸಮಾರ್ಯದವನ ಕಥೆಯೇ ಅದನ್ನು ತಪ್ಪೆನ್ನುತ್ತದೆ. ಹಾಗೆ ಕೇಳದೆ ಮಾಡಿದ ಉಪಕಾರವೇ ನೂರು ವರ್ಷ ಕಳೆದರೂ ಜನರ ನೆನಪಿನಲ್ಲಿ ನಿಂತಿರುವುದು.

ಗಂಜಾಂನ ದೊಡ್ಡ ಸ್ವಾಮಿ

ನಮ್ಮ ಜಿಲ್ಲೆಯದೇ ಒಂದು ನಿದರ್ಶನ ಹೇಳುತ್ತೇವೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಗಂಜಾಂನಲ್ಲಿ ನೆಲೆಸಿದ. ಜನ ಅವನನ್ನು ದೊಡ್ಡ ಸ್ವಾಮಿ ಎಂದು ಕರೆದರು. ಆಗ ಸಿಡುಬು ಊರೂರನ್ನೇ ಗುಡಿಸಿಹಾಕುತ್ತಿದ್ದ ಕಾಲ. ಮಾರಮ್ಮನ ಮುನಿಸು ಎಂದು ಜನ ಬೇವಿನ ಸೊಪ್ಪು ಕಟ್ಟಿ ಕೈಮುಗಿದು ಕೂರುತ್ತಿದ್ದರು. ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದ ದೇವಿ ಹಾಕುವ ವಿದ್ಯೆ 1802ರಲ್ಲಿ ಬೊಂಬಾಯಿಗೆ ಬಂದಿತ್ತಷ್ಟೆ. ದುಬಾಯ್ ಅದನ್ನು ಕೈಗೆತ್ತಿಕೊಂಡ. 1803-04ರ ಲೆಕ್ಕದಲ್ಲಿ ಅವನ ಮುಖಾಂತರ ಮೈಸೂರು ಸೀಮೆಯಲ್ಲಿ ದೇವಿ ಹಾಕಿಸಿಕೊಂಡವರು 25,432 ಮಂದಿ ಎಂದು ದಾಖಲೆಯಾಗಿದೆ. ರೈಲಿಲ್ಲ, ಮೋಟಾರಿಲ್ಲ, ಆಸ್ಪತ್ರೆಯಿಲ್ಲ. ಆ ಕಾಲಕ್ಕೆ ಇದು ಸಣ್ಣ ಕೆಲಸವೆ?

ಇದೇ ದುಬಾಯ್ ನಮ್ಮ ಜನರ ಆಚಾರ ವಿಚಾರಗಳ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ಜನರ ಬಗ್ಗೆ ಕಟುವಾದ, ಕೆಲವೆಡೆ ಅನ್ಯಾಯವಾದ ಮಾತುಗಳೂ ಇವೆ. ಹಾಗಾದರೆ ನಾವು ಏನು ಮಾಡಬೇಕು? ಪುಸ್ತಕ ಕಟುವೆಂದು ದೇವಿ ಹಾಕಿದ್ದನ್ನು ಮರೆಯಬೇಕೆ? ದೇವಿ ಹಾಕಿದನೆಂದು ಪುಸ್ತಕದ ತಪ್ಪನ್ನು ಒಪ್ಪಬೇಕೆ? ಎರಡೂ ಬೇಡ. ಉಪಕಾರಕ್ಕೆ ಉಪಕಾರದ ಲೆಕ್ಕ, ಮಾತಿಗೆ ಮಾತಿನ ಲೆಕ್ಕ. ಉಪಕಾರ ಮಾಡಿದವನ ತಪ್ಪನ್ನು ತಪ್ಪೆನ್ನುವ ಸ್ವಾತಂತ್ರ್ಯ ಪಡೆದವನಿಗೆ ಇರಬೇಕು. ಆ ಸ್ವಾತಂತ್ರ್ಯ ಇಲ್ಲದ ಕೃತಜ್ಞತೆ ಭಟ್ಟಂಗಿತನ.

ಇನ್ನೂ ಒಂದು ಮಾತು. ಆ ದಿನಗಳಲ್ಲಿ ಲಸಿಕೆ ಸೀಸೆಯಲ್ಲಿ ತುಂಬಿ ಬರುತ್ತಿರಲಿಲ್ಲ. ದೇವಿ ಹಾಕಿದ ಮಗುವಿನ ತೋಳಿನಲ್ಲಿ ಗುಳ್ಳೆ ಎದ್ದು ನೀರು ತುಂಬಿದಾಗ, ಆ ನೀರನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ ನಡೆದು ಬಂದದ್ದು ಆ ಲಸಿಕೆ. ಬೊಂಬಾಯಿಯಲ್ಲಿ 1802ರ ಜೂನ್ 14ರಂದು ಮೊದಲು ಲಸಿಕೆ ಫಲಿಸಿದ್ದು ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ. ಅಲ್ಲಿಂದ ನಮ್ಮ ಕಾವೇರಿ ತೀರದವರೆಗೆ ಎಷ್ಟು ಮಕ್ಕಳ ತೋಳು ಈ ಕೆಲಸಕ್ಕೆ ಒದಗಿತು? ಅವರು ಯಾರ ಮಕ್ಕಳು? ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಈ ಸಭೆಯಲ್ಲಿರುವ ನಮ್ಮ ಮಕ್ಕಳ ಮುಖದ ಮೇಲೆ ಸಿಡುಬಿನ ಕಲೆ ಇಲ್ಲ. ಜೆನ್ನರನಿಗೂ ದುಬಾಯ್‌ಗೂ ಕೈಮುಗಿಯೋಣ. ಆ ಹೆಸರಿಲ್ಲದ ಪುಟ್ಟ ತೋಳುಗಳಿಗೂ ಮುಗಿಯೋಣ.

ನೀರು ತಂದವರು ಯಾರು?

ಮಂಡ್ಯದಲ್ಲಿ ಕೃತಜ್ಞತೆ ಎಂದರೆ ಮೊದಲು ಬಾಯಿಗೆ ಬರುವ ಹೆಸರು ವಿಶ್ವೇಶ್ವರಯ್ಯನವರದು. ಅವರ ಪಟ ಇಲ್ಲದ ಮನೆ ನಾಲಾ ಬಯಲಿನಲ್ಲಿ ಅಪರೂಪ. ಇದು ಒಳ್ಳೆಯದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1911ರಲ್ಲಿ ಕನ್ನಂಬಾಡಿಯ ಹತ್ತಿರ ಕಟ್ಟೆಯ ಕೆಲಸ ಆರಂಭವಾಯಿತು. ಮುಗಿಯುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಇರ್ವಿನ್ ನಾಲೆ ಎಂದು ಹೆಸರಿಟ್ಟಿದ್ದ ಕಾಲುವೆ ಈಗ ವಿಶ್ವೇಶ್ವರಯ್ಯ ನಾಲೆ. ಬಾನು ನೋಡಿ ರಾಗಿ ಬಿತ್ತುತ್ತಿದ್ದ ನೆಲ ಬತ್ತ ಕಬ್ಬಿನ ನೆಲವಾಯಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಗುವಷ್ಟು ಬೆಳೆಯಿತು.

ಆದರೆ ಆ ಕಟ್ಟೆಯನ್ನು ಕಟ್ಟುವಾಗ ದುಡಿದವರು ಸುಮಾರು ಹತ್ತು ಸಾವಿರ ಮಂದಿ. ಕಲ್ಲು ಒಡೆದವರು, ಸುಣ್ಣ ಸುರ್ಕಿ ಅರೆದವರು, ತಲೆಯ ಮೇಲೆ ಗಾರೆಯ ಬಾಂಡಲಿ ಹೊತ್ತ ಹೆಂಗಸರು. ಅವರ ಪಟ ಯಾರ ಮನೆಯಲ್ಲಿದೆ? ಕಟ್ಟೆಯ ಹಿನ್ನೀರಿನಲ್ಲಿ ಕನ್ನಂಬಾಡಿಯೇ ಮುಳುಗಿತು. ಅದರ ಜೊತೆ ಇನ್ನೂ ಹಲವು ಹಳ್ಳಿಗಳು ಮುಳುಗಿದವು. ಹೊಲ, ಮನೆ, ಗುಡಿ, ತಾತ ಮುತ್ತಾತಂದಿರ ಸಮಾಧಿ ಬಿಟ್ಟು ಎದ್ದುಹೋದ ಒಕ್ಕಲುಗಳು ನಮಗೆ ಮಾಡಿದ ಉಪಕಾರ ಕಡಮೆಯದೆ? ಅವರನ್ನು ಕೇಳಿ ಮಾಡಿದ್ದಲ್ಲ, ನಿಜ. ಕೇಳದೆ ಪಡೆದ ಉಪಕಾರದ ಋಣ ಇನ್ನೂ ಭಾರ.

ಸಕ್ಕರೆಯ ಮಾತೂ ಹೀಗೆಯೇ. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. ಅದರ ಹಿಂದೆ ದುಡಿದವನು ಡಾ. ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದವನು. 1908ರಲ್ಲಿ ಮೈಸೂರಿನ ಕೃಷಿ ಇಲಾಖೆಗೆ ಬಂದು, ಮಲೆನಾಡಿನ ಅಡಕೆ ತೋಟಗಳನ್ನು ತಿನ್ನುತ್ತಿದ್ದ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯುವ ಉಪಾಯವನ್ನು ರೈತರಿಗೆ ಕಲಿಸಿದವನೂ ಅವನೇ. ಎಲ್ಲಿಯ ಕೆನಡಾ, ಎಲ್ಲಿಯ ಮಂಡ್ಯ! ಮತ್ತೆ ಆ ಸಮಾರ್ಯದವನ ನೆನಪಾಗುವುದಿಲ್ಲವೆ? ಉಪಕಾರಕ್ಕೂ ಉಪಕಾರ ಸ್ಮರಣೆಗೂ ಜಾತಿಯ ಗಡಿ ಇಲ್ಲ, ದೇಶದ ಗಡಿ ಇಲ್ಲ.

ಮಳವಳ್ಳಿಯವರು ಇನ್ನೊಂದನ್ನು ನೆನೆಯಬೇಕು. ಶಿವನಸಮುದ್ರದ ನೀರಿನಿಂದ 1902ರಲ್ಲಿ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನೀರು ಬೀಳುವುದು ಮಳವಳ್ಳಿಯ ಮಗ್ಗುಲಲ್ಲಿ, ಬೆಳಕು ಮೊದಲು ಬಿದ್ದದ್ದು ಬೇರೆಲ್ಲೋ. ಬೆಂಗಳೂರಿನವರು ಇಂದು ಕುಡಿಯುವ ಕಾವೇರಿ ನೀರೂ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಏರಿಹೋಗುತ್ತದೆ. ನಲ್ಲಿ ತಿರುಗಿಸಿದಾಗ ನೀರು ಯಾವ ಸೀಮೆಯದೆಂದು ನೆನೆಯುವವರು ಆ ಊರಿನಲ್ಲಿ ಎಷ್ಟು ಮಂದಿ? ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಸರ್ಕಾರದ ನಿಷೇಧವನ್ನು ಮೀರಿ ಧ್ವಜ ಹಾರಿತು. ಅದರ ನೆನಪಿಗೆ ಸೌಧ ನಿಂತಿದೆ. ಧ್ವಜ ಹಾರಿಸಿದ ಮುಖಂಡರ ಹೆಸರನ್ನು ಮಕ್ಕಳು ಓದುತ್ತಾರೆ. ಅಂದು ನೆರೆದ ಸಾವಿರಾರು ಜನಕ್ಕೆ ನೀರು ಹೊತ್ತವರು ಯಾರು, ಅನ್ನ ಬೇಯಿಸಿದವರು ಯಾರು? ಅವರ ಮೊಮ್ಮಕ್ಕಳು ಈ ಸುತ್ತಿನಲ್ಲೇ ಇರಬೇಕು.

ಪೌಲನ ಪಟ್ಟಿ

ಹೆಸರಿಲ್ಲದವರನ್ನು ನೆನೆಯುವುದು ಹೇಗೆ? ಇದಕ್ಕೆ ದಾರಿ ತೋರಿಸುವ ಒಂದು ಅಧ್ಯಾಯ ನಿಮ್ಮ ಗ್ರಂಥದಲ್ಲಿದೆ. ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವ ಅಧ್ಯಾಯ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯ. ದೊಡ್ಡ ದೊಡ್ಡ ತತ್ವಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವನು ಒಂದು ಪಟ್ಟಿ ಮಾಡುತ್ತಾನೆ. ಅನೇಕರಿಗೆ ನೆರವಾದ ಫೊಯಿಬೆ ಎಂಬ ಹೆಂಗಸು. ತನಗಾಗಿ ಕುತ್ತಿಗೆ ಒಡ್ಡಿದ ಪ್ರಿಸ್ಕ, ಅಕ್ವಿಲ ಎಂಬ ದಂಪತಿ, ಡೇರೆಯ ಬಟ್ಟೆ ಹೊಲಿಯುವ ಕಸಬಿನವರು. ತನ್ನನ್ನೂ ಮಗನಂತೆ ಕಂಡ ರೂಫನ ತಾಯಿ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಹೆಸರು. ಅದರಲ್ಲಿ ಹೆಂಗಸರು ಅನೇಕರು. ದಾಸದಾಸಿಯರಿಗೆ ಇಡುತ್ತಿದ್ದಂಥ ಹೆಸರುಗಳೂ ಇವೆ ಎಂದು ಪಂಡಿತರು ಹೇಳುತ್ತಾರೆ. ಇನ್ನೂ ಸೊಗಸಾದದ್ದು, ಪೌಲನು ಹೇಳಿದ ಹಾಗೆ ಕಾಗದ ಬರೆದುಕೊಳ್ಳುತ್ತಿದ್ದ ತೆರ್ತ್ಯ ಎಂಬ ಬರಹಗಾರ ನಡುವೆ ತನ್ನ ಹೆಸರಿನಲ್ಲೇ ಒಂದು ವಂದನೆ ಸೇರಿಸುತ್ತಾನೆ. ಯಜಮಾನನ ಕಾಗದದಲ್ಲಿ ಗುಮಾಸ್ತನ ದನಿ! ಪೌಲನು ಅದನ್ನು ಅಳಿಸಲಿಲ್ಲ.

ನಾವು ಹೇಳುವುದಿಷ್ಟೆ: ಪ್ರತಿಯೊಂದು ಹಳ್ಳಿಯಲ್ಲಿ ಇಂಥ ಒಂದು ಪಟ್ಟಿಯಾಗಲಿ. ನಿಮ್ಮೂರಿನ ಕೆರೆಯ ಏರಿಗೆ ಮಣ್ಣು ಹೊತ್ತವರು, ಎಷ್ಟೋ ಹೆರಿಗೆ ಮಾಡಿಸಿಯೂ ಕೈಗೆ ಬಂದ ಅಕ್ಕಿ ಬೆಲ್ಲಕ್ಕೆ ತೃಪ್ತಿಪಟ್ಟ ಸೂಲಗಿತ್ತಿ, ಗದ್ದೆಗದ್ದೆಗೆ ನೀರು ತಿರುಗಿಸುತ್ತ ರಾತ್ರಿಯೆಲ್ಲ ನಾಲೆಯ ಮೇಲೆ ನಡೆದ ನೀರುಗಂಟಿ, ಶಾಲೆಗೆ ಜಾಗ ಬಿಟ್ಟುಕೊಟ್ಟ ಅಜ್ಜಿ. ಹೆಸರು ಕೇಳಿ ತಿಳಿದುಕೊಂಡು ಶಾಲೆಯ ಗೋಡೆಯ ಮೇಲೆ ಬರೆಯಿರಿ. ಮಕ್ಕಳು ರಾಜರ ಹೆಸರಿನ ಜೊತೆಗೆ ಇವರ ಹೆಸರನ್ನೂ ಓದಲಿ.

ಚಪ್ಪಾಳೆ ಮತ್ತು ಕೂಲಿ

ಇಷ್ಟಾದರೂ ಸಾಲದು. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಸಿರಿವಂತರಿಗೆ ಒಂದು ಎಚ್ಚರಿಕೆ ಇದೆ. ಹೊಲ ಕೊಯ್ದವರ ಕೂಲಿಯನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ, ಆ ಕೂಲಿಯೇ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂಬುದು ಅದರ ಸಾರ. ಸುಗ್ಗಿಯ ಸ್ತೋತ್ರವೂ ದೇವರ ಕಿವಿಗೆ ಹೋಗುತ್ತದೆ, ಕೊಡದ ಕೂಲಿಯ ಕೂಗೂ ಹೋಗುತ್ತದೆ. ಎರಡರಲ್ಲಿ ಯಾವುದು ಮೊದಲು ಕೇಳಿಸೀತು? ನೀವೇ ಯೋಚಿಸಿ.

ನಮ್ಮ ಹಳೆಯ ಕಣದ ಪದ್ಧತಿ ನಿಮಗೆ ಗೊತ್ತು. ರಾಶಿ ಮಾಡಿದ ದಿನ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ, ನೀರುಗಂಟಿ ಎಲ್ಲರೂ ಕಣಕ್ಕೆ ಬಂದು ಆಯ ಪಡೆಯುತ್ತಿದ್ದರು. ವರ್ಷದ ದುಡಿಮೆಯನ್ನು ನೆನೆದು ಕಾಳು ಅಳೆಯುವುದು ಒಳ್ಳೆಯ ಸಂಪ್ರದಾಯವೇ. ಆದರೆ ಕೊಡುವವನು ಮೇಲೆ ನಿಂತ, ಪಡೆಯುವವನು ಸೆರಗೊಡ್ಡಿ ಕೆಳಗೆ ನಿಂತ. ಹಕ್ಕಿನ ಕೂಲಿ ದಾನದ ವೇಷ ಹಾಕಿತು. ಅದಕ್ಕೆ ಎದುರಾಗಿ ನಮ್ಮಲ್ಲೇ ಇನ್ನೊಂದು ಪದ್ಧತಿ ಇತ್ತು, ಮುಯ್ಯಾಳು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಮೇಲಿಲ್ಲ, ಕೆಳಗಿಲ್ಲ. ಕೃತಜ್ಞತೆ ಮುಯ್ಯಾಳಿನಂತೆ ಇರಬೇಕು.

ಈಚಿನ ಸಂಗತಿಯನ್ನೇ ನೋಡಿ. ಕೊರೋನಾ ಬಂದ 2020ರ ಮಾರ್ಚ್ 22ರಂದು ದೇಶವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿತು, ತಟ್ಟೆ ಬಾರಿಸಿತು. ಮನೆಮನೆಗೆ ಹೋಗಿ ಜ್ವರ ಕೇಳುತ್ತಿದ್ದ ಆಶಾ ಕಾರ್ಯಕರ್ತೆಯರ ಮೇಲೆ ಕೆಲವೆಡೆ ಹೂ ಎರಚಿದರು. ಅದೇ ವರ್ಷ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಆ ಕಾರ್ಯಕರ್ತೆಯರೇ ತಿಂಗಳಿಗೆ 12,000 ರೂಪಾಯಿ ಗೌರವಧನ ಬೇಕೆಂದು ಕೆಲಸ ನಿಲ್ಲಿಸಿ ಕೂರಬೇಕಾಯಿತು. ಮಾರ್ಚಿನ ಹೂವು ಜುಲೈ ಹೊತ್ತಿಗೆ ಬಾಡಿತ್ತು. ಚಪ್ಪಾಳೆ ಬೇಡವೆಂದು ನಾವು ಹೇಳುವುದಿಲ್ಲ. ಚಪ್ಪಾಳೆಯಿಂದ ಒಲೆ ಉರಿಯುವುದಿಲ್ಲ ಎನ್ನುತ್ತೇವೆ.

ಕಬ್ಬಿನ ರೈತನ ಗತಿಯೂ ಅಷ್ಟೆ. ವೇದಿಕೆಯ ಮೇಲೆ ಅವನು ಅನ್ನದಾತ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇಕಡ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಬಾಕಿಗಾಗಿ ರೈತರು ರಸ್ತೆಯಲ್ಲಿ ಕೂತದ್ದನ್ನು ನಮ್ಮ ಜಿಲ್ಲೆ ಎಷ್ಟು ಸಲ ನೋಡಿಲ್ಲ? ಅನ್ನದಾತ ಎಂದು ಕರೆಯುವುದಕ್ಕಿಂತ ಹದಿನಾಲ್ಕನೆಯ ದಿನಕ್ಕೆ ದುಡ್ಡು ಕೊಡುವುದು ಹೆಚ್ಚಿನ ಕೃತಜ್ಞತೆ. ಹಾಗೆಯೇ ರೈತನೂ ತನ್ನ ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ ಬಂದು ಗರಿಯ ಗುಡಿಸಲಿನಲ್ಲಿ ಕೂಸುಕಂದಮ್ಮಗಳ ಜೊತೆ ಮಲಗುವ ಆಳುಗಳನ್ನು, ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಪಕ್ಕ ನಿಲ್ಲುವ ದೂರದ ರಾಜ್ಯಗಳ ಹುಡುಗರನ್ನು ನೆನೆಯಬೇಕು. ಒಪ್ಪಿದ ಕೂಲಿ ಒಪ್ಪಿದ ದಿನಕ್ಕೆ ಸಿಗಬೇಕು. ಕುಡಿಯಲು ನೀರು ಬೇಕು. ಮಗುವಿಗೆ ಕಾಯಿಲೆಯಾದರೆ ಆಸ್ಪತ್ರೆಗೆ ಗಾಡಿ ಬೇಕು. ನಿಮ್ಮ ಪ್ರಭುಭೋಜನದ ರೊಟ್ಟಿ ಗಿಡದಲ್ಲಿ ಕಾಯಿಬಿಟ್ಟದ್ದಲ್ಲವಷ್ಟೆ? ಯಾರೋ ಉತ್ತು, ಬಿತ್ತಿ, ಕೊಯ್ದು, ಬೀಸಿ, ಬೇಯಿಸಿದ್ದು. ಆ ವಿಧಿಗೆ ಇರುವ ಯೂಖರಿಸ್ತ್ ಎಂಬ ಗ್ರೀಕ್ ಹೆಸರಿನ ಅರ್ಥವೇ ಕೃತಜ್ಞತೆ. ಆ ರೊಟ್ಟಿಯನ್ನು ಕೈಗೆತ್ತಿಕೊಂಡವರು ಅದರ ಹಿಂದಿನ ಕೈಗಳನ್ನು ಮರೆತರೆ ಹೆಸರಿಗೆ ಅರ್ಥ ಉಳಿಯುವುದಿಲ್ಲ.

ತೀರಿಸಲಾಗದ ಋಣ

ಕೊನೆಯದಾಗಿ ಒಂದು ಪ್ರಶ್ನೆ. ಉಪಕಾರ ಮಾಡಿದವರು ಸತ್ತುಹೋಗಿದ್ದರೆ, ಅಥವಾ ಯಾರೆಂದೇ ತಿಳಿಯದಿದ್ದರೆ ಏನು ಮಾಡುವುದು? ಅಂಥ ಋಣವನ್ನು ಹಿಂದಕ್ಕೆ ತೀರಿಸಲಾಗದು, ಮುಂದಕ್ಕೆ ತೀರಿಸಬೇಕು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುವವರು. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ಕುಡಿಯಲು ನೀರಿಲ್ಲವೆಂದು ತಮ್ಮ ದುಡಿಮೆಯಿಂದ, ತಮ್ಮ ಕಾಸಿನಿಂದ ಒಂದಾದ ಮೇಲೊಂದು ಕಟ್ಟೆ ತೋಡಿದರು. ಹತ್ತಕ್ಕೂ ಮೇಲ್ಪಟ್ಟು ಕಟ್ಟೆಗಳಾದವು. 2020ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಅವರ ಹೆಸರು ಬಂತು. 2022ರಲ್ಲಿ ಅವರು ತೀರಿಕೊಂಡರು. ನೀರು ಕುಡಿದ ಹಕ್ಕಿ ಬಂದು ನಮಸ್ಕಾರ ಹೇಳೀತೆಂದು ಅವರು ಕಾದು ಕೂರಲಿಲ್ಲ. ಮುಯ್ಯಿ ತೀರಿಸಲಾರದವರನ್ನೇ ಔತಣಕ್ಕೆ ಕರೆ ಎಂಬ ಬೋಧೆಯನ್ನು ಅವರು ನಡೆದು ತೋರಿಸಿದರು. ಅವರಿಗೆ ನಾವು ತೋರಬಹುದಾದ ಕೃತಜ್ಞತೆ ಯಾವುದು? ಹಾರ ಹಾಕುವುದಲ್ಲ. ಆ ಕಟ್ಟೆಗಳಲ್ಲಿ ಹೂಳು ತುಂಬದ ಹಾಗೆ ನೋಡಿಕೊಳ್ಳುವುದು. ಸಾಧ್ಯವಾದರೆ ಇನ್ನೊಂದು ಕಟ್ಟೆ ತೋಡುವುದು.

ಧನ್ಯವಾದ ಎಂಬುದು ವೇದಿಕೆಯ ಮಾತು; ನಮ್ಮ ಹಳ್ಳಿಯ ಬಾಯಿಗೆ ಅದು ಅಷ್ಟಾಗಿ ಒಗ್ಗಿಲ್ಲ. ನೀರು ಕೊಟ್ಟವಳಿಗೆ ನಮ್ಮ ಮುದುಕಿ ಹೇಳುವುದು 'ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವ' ಎಂದು. ಈ ಹರಕೆಯ ಅರ್ಥ ನೋಡಿ. ನಾನು ನಿನಗೆ ಋಣಿ ಎಂದಲ್ಲ. ನಿನಗೂ ಒಳ್ಳೆಯದಾಗಲಿ ಎಂದು. ಉಪಕಾರ ಮಾಡಿದವರ ಹೊಟ್ಟೆ ನಿಜವಾಗಿಯೂ ತಣ್ಣಗಿದೆಯೆ ಎಂದು ವಿಚಾರಿಸುವುದು, ಇಲ್ಲದಿದ್ದರೆ ಅದಕ್ಕಾಗಿ ಅವರ ಜೊತೆ ನಿಲ್ಲುವುದು, ಅದೇ ಕೃತಜ್ಞತೆ. ಇಲ್ಲಿಂದ ಮನೆಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿ. ಈ ವರ್ಷ ನಿಮಗಾಗಿ ದುಡಿದ ಒಬ್ಬರ ಹೆಸರನ್ನು ಮನಸ್ಸಿಗೆ ತಂದುಕೊಳ್ಳಿ. ಅವರಿಗೆ ಸಲ್ಲಬೇಕಾದದ್ದು ಸಂದಿದೆಯೆ ನೋಡಿ. ಸಲ್ಲದಿದ್ದರೆ ನಾಳೆಯೇ ಸಲ್ಲಿಸಿ. ಆಮೇಲೆ ಅವರ ಮನೆಯ ಬಾಗಿಲಿಗೆ ನೀವಾಗಿ ನಡೆದುಹೋಗಿ, ಉಪಕಾರವಾಯಿತೆಂದು ಬಾಯಿಬಿಟ್ಟು ಹೇಳಿ. ಹತ್ತು ಮಂದಿಯಲ್ಲಿ ಒಬ್ಬ ಹಿಂದಿರುಗಿ ಬಂದ. ನಮ್ಮಲ್ಲಿ ಹತ್ತಕ್ಕೆ ಹತ್ತೂ ಮಂದಿ ಹೋಗಬಾರದೆಂದು ಎಲ್ಲಿಯೂ ಬರೆದಿಲ್ಲ.